ಯಕ್ಷಗಾನದ ಬ್ಯಾನರಿಗೆ ಯಾವ ಅಕ್ಷರ? ಬಲೂ ತಮ್ಮ ಮತ್ತು ಅಕಾಯ ಕನಡಕ

ಮುಂಬೈಯ ಮಾಟುಂಗದಲ್ಲಿ ನಮ್ಮ ಬಳಗದವರು ಯಕ್ಷಗಾನ ಇಟ್ಟುಕೊಂಡಿದ್ದರು. ಪ್ರಸಂಗ ‘ಕೃಷ್ಣಾರ್ಜುನ ಕಾಳಗ’. ಬ್ಯಾನರಿನ ಕೆಲಸ ನನ್ನ ಪಾಲಿಗೆ ಬಂತು. ಗೂಗಲ್ ಫಾಂಟ್ಸ್‌ನಲ್ಲಿ ಪುಕ್ಕಟೆ ಸಿಗುವ ಎರಡು ಫಾಂಟ್, ಬಲೂ ತಮ್ಮ ಮತ್ತು ಅಕಾಯ ಕನಡಕ, ಇಳಿಸಿಕೊಂಡೆ. ಪರೀಕ್ಷೆಗೆ ಪ್ರಸಂಗದ ಹೆಸರೇ ಸಾಕಾಯಿತು. ವಟ್ರಸುಳಿ, ಒತ್ತು, ಅರ್ಕಾವತ್ತು ಮೂರೂ ಒಂದೇ ಪದದಲ್ಲಿವೆ!

ಬಲೂ ತಮ್ಮ ನಮ್ಮ ಮುಂಬೈಯದೇ, ಏಕ್ ಟೈಪ್ ತಂಡದವರು ಮಾಡಿದ್ದು. ಬಲೂ ಅನ್ನುವುದು ಹಲವು ಲಿಪಿಗಳ ಫಾಂಟ್ ಕುಟುಂಬ; ತಮಿಳಿನಲ್ಲಿ ಅದರ ಹೆಸರು ತಂಬಿ, ಮಲಯಾಳದಲ್ಲಿ ಚೇಟ್ಟನ್, ನಮಗೆ ತಮ್ಮ. ದಪ್ಪ ಮೈ, ದುಂಡು ಅಂಚು. ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿ ರಸ್ತೆಯ ಆಚೆಗೆ ಹೋಗಿ ನಿಂತೆ. ಸಲೀಸಾಗಿ ಓದಲು ಬಂತು. ಆದರೆ ಕಾಳಗದ ಕಳೆ ಇರಲಿಲ್ಲ. ಇಷ್ಟು ಮುದ್ದಾದ ಅಕ್ಷರ ಮಕ್ಕಳ ಶಿಬಿರಕ್ಕೆ, ತಿಂಡಿ ಅಂಗಡಿಗೆ ಚೆನ್ನ. ಬಿಲ್ಲು ಹಿಡಿದ ಅರ್ಜುನನಿಗೆ ಒಪ್ಪುವುದಿಲ್ಲ.

ಅಕಾಯ ಕನಡಕ ವೈಷ್ಣವಿ ಮೂರ್ತಿ ಮತ್ತು ಹುವಾನ್ ಲೂಯಿಸ್ ಬ್ಲಾಂಕೊ ಸೇರಿ ಮಾಡಿದ್ದು. ಅದೇ ಹೆಸರನ್ನು ಇದರಲ್ಲಿ ಟೈಪ್ ಮಾಡಿದಾಗ ನನಗೆ ಚೆಂಡೆ ಕೇಳಿಸಿದಂತಾಯಿತು. ಗೆರೆ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು. ಈಗಷ್ಟೇ ಯಾರೋ ಕೈಯಲ್ಲಿ ಎಳೆದು ಬಿಟ್ಟ ಹಾಗೆ. ವೇಷ ರಂಗಕ್ಕೆ ನುಗ್ಗುವಾಗ ಇರುತ್ತದಲ್ವಾ, ಆ ಬಿರುಸು ಇದರಲ್ಲಿದೆ.

ಇದನ್ನು ಎಲ್ಲ ಕಡೆ ಹಾಕಲು ಆಗುವುದಿಲ್ಲ. ಇದು ಸಿಗುವುದು ಒಂದೇ ದಪ್ಪದಲ್ಲಿ (ವೆಯ್ಟ್), ಬಲೂ ತಮ್ಮದ ಹೊಸ ಆವೃತ್ತಿ ‘ಬಲೂ ತಮ್ಮ 2’ರಲ್ಲಾದರೆ 5 ದಪ್ಪಗಳಿವೆ. ಆಮಂತ್ರಣದಲ್ಲಿ ಹತ್ತು ಪಾಯಿಂಟಿಗೆ ಇಳಿಸಿ ನೋಡಿದೆ, ನಾಲ್ಕು ಸಾಲು ಓದುವಷ್ಟರಲ್ಲಿ ಕಣ್ಣು ದಣಿಯಿತು. ಸಮಯ, ಸ್ಥಳ, ಕಲಾವಿದರ ಹೆಸರನ್ನು ಸಾದಾ ಫಾಂಟ್ ಆದ ನೋಟೊ ಸ್ಯಾನ್ಸ್‌ನಲ್ಲೇ ಹಾಕಿದೆ. ಮುಂಬೈಯಲ್ಲಿ ಬ್ಯಾನರ್ ಅಂದಮೇಲೆ ಮರಾಠಿ ಸಾಲೂ ಬೇಕು. ಅಕಾಯಕ್ಕೆ ತೆಲುಗಿನ ಜೋಡಿ ಇದೆ, ದೇವನಾಗರಿ ಇಲ್ಲ. ಬಲೂಗೆ ಇದೆ. ಹಾಗಾಗಿ ಮರಾಠಿ ಸಾಲು ಬಲೂದಲ್ಲಿ, ಅದರ ಪಕ್ಕದ ‘ಉಚಿತ ಪ್ರವೇಶ’ ಬಲೂ ತಮ್ಮದಲ್ಲಿ. ಪ್ರಸಂಗದ ಹೆಸರು ಮಾತ್ರ ಅಕಾಯದಲ್ಲಿ, ದೊಡ್ಡದಾಗಿ.

ಹೆಸರನ್ನು ಎರಡು ಸಾಲು ಮಾಡಿದಾಗ ಷ್ಣಾದ ಒತ್ತು ಕೆಳಗಿನ ‘ಕಾಳಗ’ದ ತಲೆಕಟ್ಟಿಗೆ ತಾಗಿತು. ಸಾಲುಗಳನ್ನು ದೂರ ಮಾಡಿದರೆ ಬಿರುಸೇ ಹೋಗುತ್ತಿತ್ತು. ‘ಕಾಳಗ’ವನ್ನು ಸ್ವಲ್ಪ ಬಲಕ್ಕೆ ಸರಿಸಿದೆ, ಒತ್ತಿಗೆ ಜಾಗ ಸಿಕ್ಕಿತು.

ಇಷ್ಟೆಲ್ಲ ಮಾಡಿ ಕೊಟ್ಟರೆ ಪ್ರಿಂಟ್ ಅಂಗಡಿಯಿಂದ ಬಂದ ಪ್ರೂಫ್‌ನಲ್ಲಿ ಒತ್ತುಗಳು ಅಕ್ಷರ ಬಿಟ್ಟು ಪಕ್ಕದಲ್ಲಿ ಕೂತಿದ್ದವು. ಹೊಟ್ಟೆ ಉರಿಯಿತು. ಅವರ ಕಂಪ್ಯೂಟರಿನಲ್ಲಿ ಆ ಫಾಂಟೇ ಇರಲಿಲ್ಲ. ಮನೆಗೆ ಬಂದು ಅಕ್ಷರಗಳನ್ನೆಲ್ಲ ಕರ್ವ್ಸ್ ಮಾಡಿ (ಅಂದರೆ ಫಾಂಟ್ ಇಲ್ಲದೆಯೂ ಕಾಣುವ ಚಿತ್ರರೂಪಕ್ಕೆ ಬದಲಿಸಿ), ಹೊಸ ಪಿಡಿಎಫ್ ಕಳಿಸಿದೆ. ಮಾರನೇ ದಿನದ ಪ್ರೂಫ್‌ನಲ್ಲಿ ಷ್ಣಾ, ರ್ಜು ಎರಡೂ ನೆಟ್ಟಗಿದ್ದವು.