ಹಳೆಯ ಕಾರಿನ ಎ.ಸಿ.: ಎರಡು ಸಲ ತುಂಬಿದ ಗ್ಯಾಸ್, ಕೊನೆಗೆ ತೆಗೆದ ಒಂದು ವಾಷರ್

2010ರ ಮಾದರಿಯ ಈ ಪೆಟ್ರೋಲ್ ಹ್ಯಾಚ್‌ಬ್ಯಾಕ್ ನನ್ನ ಬಳಿಗೆ ಬಂದು ಒಂಬತ್ತು ವರ್ಷಗಳಾದವು. ಎಂಜಿನ್, ಮೈಲೇಜುಗಳ ಬಗ್ಗೆ ನನಗೆ ದೂರಿಲ್ಲ. ಆದರೆ ಎ.ಸಿ. ನನ್ನ ಎರಡು ಬೇಸಿಗೆಗಳನ್ನು ಹಾಳುಮಾಡಿತು.

ಬೆಳಿಗ್ಗೆ ಪುಣೆಯ ಕೊಥ್ರೂಡ್‌ನಿಂದ ಹಿಂಜವಡಿಗೆ ಹೊರಟರೆ ಮೊದಲ ಅರ್ಧ ಗಂಟೆ ಗಾಳಿ ತಣ್ಣಗಿರುತ್ತಿತ್ತು. ಅನಂತರ ಬ್ಲೋವರ್ ಅದೇ ವೇಗದಲ್ಲಿ ತಿರುಗುತ್ತಿದ್ದರೂ ಬರುತ್ತಿದ್ದುದು ಬಿಸಿಗಾಳಿಯೇ. ಧಾರವಾಡಕ್ಕೆ ಹೊರಟ ದಿನ ಖಂಬಾಟಕಿ ಘಾಟಿನ ಏರಿನಲ್ಲಿ ಅದು ಕೈಕೊಟ್ಟಾಗ, ಹಿಂದಿನ ಸೀಟಿನಲ್ಲಿದ್ದ ಅವ್ವ ಸಾತಾರದವರೆಗೂ ಸೆರಗಿನಿಂದ ಗಾಳಿ ಬೀಸಿಕೊಳ್ಳುತ್ತ ಕುಳಿತದ್ದನ್ನು ನೋಡಲು ಸಂಕಟವಾಯಿತು.

ಮನೆಯ ಹತ್ತಿರದ ಗ್ಯಾರೇಜಿನವರು ತಲಾ 1,800 ರೂಪಾಯಿಗೆ ಎರಡು ಸಲ ಗ್ಯಾಸ್ ತುಂಬಿದರು. ಮೂರನೆಯ ಸಲ, ಗ್ಯಾಸನ್ನು ಒತ್ತಿ ಸುತ್ತಿಸುವ ಕಂಪ್ರೆಸರನ್ನೇ ಬದಲಿಸಬೇಕೆಂದು 19,000 ರೂಪಾಯಿಯ ಅಂದಾಜು ಕೊಟ್ಟರು. ಈ ಗ್ಯಾಸ್ ಪೆಟ್ರೋಲಿನಂತೆ ಉರಿದು ಖರ್ಚಾಗುವುದಿಲ್ಲ, ಮುಚ್ಚಿದ ಕೊಳವೆಗಳೊಳಗೆ ಸುತ್ತುತ್ತಿರುತ್ತದೆ. ಅದು ಕಡಿಮೆಯಾಗಿದ್ದರೆ ಸೋರಿಕೆಯನ್ನು ಮೊದಲು ಹುಡುಕಬೇಕಿತ್ತು. ನಾನು ನಂಬಿದ್ದಕ್ಕೂ ಕಾರಣವಿತ್ತು: ಗ್ಯಾರೇಜಿನ ನೆರಳಿನಲ್ಲಿ ಎರಡು ಗಂಟೆ ನಿಂತ ಕಾರು ಆರಿರುತ್ತಿತ್ತು, ಆದ್ದರಿಂದ ಮನೆ ಸೇರುವ ಹತ್ತು ನಿಮಿಷ ತಂಪು ಚೆನ್ನಾಗಿಯೇ ಬರುತ್ತಿತ್ತು.

ಕೊನೆಗೆ ಭೋಸರಿಯಲ್ಲಿ ಎ.ಸಿ. ಕೆಲಸವನ್ನಷ್ಟೇ ಮಾಡುವ, ವಿಜಯಪುರ ಕಡೆಯ ಮೆಕ್ಯಾನಿಕ್ ಒಬ್ಬರು ಸಿಕ್ಕರು. "ಕೆಟ್ಟಾಗ ನೋಡಬೇಕ್ರಿ ಅಣ್ಣಾರ, ಆರಿದ ಮ್ಯಾಲ ನೋಡಿ ಏನ್ ಉಪಯೋಗ?" ಎಂದು, ಗಾಳಿ ಬಿಸಿಯಾಗುವವರೆಗೂ ನನ್ನೊಂದಿಗೇ ಕಾರಿನಲ್ಲಿ ಸುತ್ತಿದರು. ಬಾನೆಟ್ ಎತ್ತಿದಾಗ ಬೆಲ್ಟಿನೊಂದಿಗೆ ಕಂಪ್ರೆಸರಿನ ಪುಲ್ಲಿ ತಿರುಗುತ್ತಿತ್ತು, ಅದರ ಮುಂದಿನ, ಕಂಪ್ರೆಸರನ್ನು ತಿರುಗಿಸುವ ಕ್ಲಚ್ ತಟ್ಟೆ ಮಾತ್ರ ನಿಂತಿತ್ತು. ಆ ತಟ್ಟೆಯನ್ನು ಪುಲ್ಲಿಗೆ ಸೆಳೆದು ಹಿಡಿಯುವ ವಿದ್ಯುತ್ಕಾಂತದ ಕಾಯಿಲ್‌ಗೆ ಕರೆಂಟು ಸರಿಯಾಗಿಯೇ ಬರುತ್ತಿದ್ದುದರಿಂದ, ಆ ಕರೆಂಟನ್ನು ಬಿಡುವ-ತಡೆಯುವ ರಿಲೇ, ಪ್ರೆಷರ್ ಸ್ವಿಚ್‌ಗಳ ಮೇಲಿನ ಅನುಮಾನ ಹೋಯಿತು. ಎಂಜಿನ್ ನಿಲ್ಲಿಸಿ, ಸಂದಿನ ಅಗಲ ಅಳೆಯುವ ಫೀಲರ್ ಗೇಜ್ ತೂರಿಸಿದರೆ ತಟ್ಟೆಗೂ ಪುಲ್ಲಿಗೂ ನಡುವೆ 0.9 ಮಿ.ಮೀ. ಅಂತರವಿತ್ತು. ವರ್ಷಗಳ ಸವೆತದಿಂದ ಹಿಗ್ಗಿದ ಅಂತರವದು. ಕಾದ ತಾಮ್ರದ ಸುರುಳಿಯಲ್ಲಿ ರೋಧ ಹೆಚ್ಚಿ, ಹರಿಯುವ ವಿದ್ಯುತ್ತು ತಗ್ಗಿ, ಕಾಂತದ ಸೆಳೆತ ಕುಗ್ಗುತ್ತದೆ. ಅಷ್ಟು ದೂರದ ತಟ್ಟೆಯನ್ನು ಎಳೆದುಕೊಳ್ಳಲು ಅದಕ್ಕೆ ಆಗುತ್ತಿರಲಿಲ್ಲ. ಆ ಅಂತರವನ್ನು ಹೊಂದಿಸಲು ಒಳಗಿರುವ ತೆಳುವಾದ ವಾಷರ್ ಒಂದನ್ನು ತೆಗೆದಾಗ ಅಂತರ 0.5ಕ್ಕೆ ಇಳಿಯಿತು. ಗ್ಯಾಸ್ ಮುಟ್ಟಲೇ ಇಲ್ಲ. ಕೂಲಿ 600 ರೂಪಾಯಿ.

ಹದಿನಾಲ್ಕು ತಿಂಗಳಾದವು. ಈಗ ಬೆಳಿಗ್ಗೆ ಕಿಟಕಿ ಇಳಿಸಿ, ಒಳಗಿನ ಬಿಸಿ ಹೋಗುವವರೆಗೆ ಎರಡು ನಿಮಿಷ ಓಡಿಸಿ, ಆಮೇಲೆ ಎ.ಸಿ. ಗುಂಡಿ ಒತ್ತುತ್ತೇನೆ, ಬಾನೆಟ್ಟಿನ ಕೆಳಗೆ ಕ್ಲಚ್ ಕಚ್ಚುವ 'ಟಕ್' ಸದ್ದು ಕೇಳಿದರೆ ನೆಮ್ಮದಿ. ಮನೆ ಇನ್ನೂ ಒಂದು ಕಿ.ಮೀ. ಇರುವಾಗಲೇ ಎ.ಸಿ. ಆರಿಸಿ ಬ್ಲೋವರ್ ಮಾತ್ರ ಬಿಡುತ್ತೇನೆ. ಕೂಲಿಂಗ್ ಕಾಯಿಲ್ ಒಣಗುವುದರಿಂದ ಮಳೆಗಾಲದ ಮುಗ್ಗಲು ವಾಸನೆಯೂ ಕಡಿಮೆಯಾಗಿದೆ.

ಪುಣೆಯ ಚಾಂದನಿ ಚೌಕದ ದಟ್ಟಣೆಯಲ್ಲಿ ಹೆಚ್ಚು ಹೊತ್ತು ನಿಂತರೆ ತಂಪು ಈಗಲೂ ಸ್ವಲ್ಪ ಕುಗ್ಗುತ್ತದೆ, ಓಡತೊಡಗಿದೊಡನೆ ಸರಿಹೋಗುತ್ತದೆ. ಗ್ಯಾಸಿನ ಬಿಸಿಯನ್ನು ಹೊರಹಾಕುವ ಕಂಡೆನ್ಸರ್ ಫ್ಯಾನಿನ ಮೋಟಾರು ದಣಿದಿರಬೇಕು. ಮಾರ್ಚ್‌ಗೆ ಮುಂಚೆ ಅದನ್ನೂ ಭೋಸರಿಯವರಿಗೇ ತೋರಿಸುತ್ತೇನೆ, ಅದೂ ಕಾರು ಕಾದಿರುವಾಗಲೇ.