ಕರಾವಳಿಯ ಮಳೆಗೆ ಕಾರಿನ ಫುಲ್ ಇನ್ಶೂರೆನ್ಸ್: ಆರು ವರ್ಷದ ಬಳಕೆಯ ನಂತರ

ಗಾಡಿ 1,197 ಸಿಸಿ ಪೆಟ್ರೋಲ್ ಹ್ಯಾಚ್‌ಬ್ಯಾಕ್, ಕೆಎ-19 ನೋಂದಣಿ. ಪಾಲಿಸಿ ಪ್ಯಾಕೇಜ್, ಅಂದರೆ ನಮ್ಮ ಗಾಡಿಯ ಹಾನಿಗೂ ಎದುರಿನವರ ನಷ್ಟಕ್ಕೂ ಸೇರಿದ್ದು, ನಮ್ಮೂರಿನ ಬಾಯಲ್ಲಿ ‘ಫುಲ್ ಇನ್ಶೂರೆನ್ಸ್’. ಅದರ ಮೇಲೆ ಜೀರೋ ಡೆಪ್ (ಭಾಗಗಳ ಸವಕಳಿ ಕಡಿಯದೆ ಕೊಡುವುದು), ಎಂಜಿನ್ ಪ್ರೊಟೆಕ್ಟ್ (ಎಂಜಿನ್ ಒಳಗಿನ ಹಾನಿಗೆ), ಕನ್ಸ್ಯೂಮೆಬಲ್ಸ್ (ಎಣ್ಣೆ, ನಟ್ಟು-ಬೋಲ್ಟಿನಂಥ ಖರ್ಚಾಗುವ ಸಾಮಾನಿಗೆ) ಎಂಬ ಮೂರು ಆಡ್-ಆನ್, ಅಂದರೆ ಹೆಚ್ಚುವರಿ ಹಣ ಕೊಟ್ಟು ಸೇರಿಸಿಕೊಳ್ಳುವ ರಕ್ಷಣೆ. ಮೂರರಲ್ಲಿ ಒಂದನ್ನೇ ಉಳಿಸಿಕೊಳ್ಳಿ ಎಂದರೆ ಉಳಿಸಬೇಕಾದ್ದು ಎಂಜಿನ್ ಪ್ರೊಟೆಕ್ಟ್. ನವೀಕರಣದ ಹೊತ್ತಿಗೆ ಪ್ರೀಮಿಯಂ ಇಳಿಸಿ ತೋರಿಸಲು ಮೊದಲು ಕತ್ತರಿ ಬೀಳುವುದು ಅದಕ್ಕೇ ಎನ್ನುವುದು ಬೇಸರದ ಸಂಗತಿ.

ಕಾರಣ ನಮ್ಮ ಮಳೆ. ಮಂಗಳೂರಿನ ಕೊಟ್ಟಾರ ಚೌಕಿ, ಪಂಪ್‌ವೆಲ್, ಪಡೀಲ್ ರೈಲ್ವೆ ಅಂಡರ್‌ಪಾಸ್, ಉಡುಪಿಯ ಕಲ್ಸಂಕ: ಜೋರು ಮಳೆ ಒಂದೆರಡು ಗಂಟೆ ಹಿಡಿದರೆ ಇಲ್ಲೆಲ್ಲ ನೀರು ನಿಲ್ಲುತ್ತದೆ. 2018ರ ಮೇ 29ರಂದು ಮಂಗಳೂರು, 2020ರ ಸೆಪ್ಟೆಂಬರ್ 20ರಂದು ಉಡುಪಿ ಮುಳುಗಿದ್ದನ್ನು ಯಾರೂ ಮರೆತಿರಲಾರರು. ಪ್ಯಾಕೇಜ್ ಪಾಲಿಸಿಯಲ್ಲಿ ನೆರೆ ಸೇರಿದೆ, ನಿಜ. ಸೀಟು, ಕಾರ್ಪೆಟ್, ವೈರಿಂಗ್, ಇಸಿಎಂಗೆ (ಎಂಜಿನ್ ನಿಯಂತ್ರಿಸುವ ಎಲೆಕ್ಟ್ರಾನಿಕ್ ಪೆಟ್ಟಿಗೆ) ನೀರು ಹೊಕ್ಕರೆ ಕ್ಲೇಮ್ ಸಿಗುತ್ತದೆ. ಎಂಜಿನ್ ಒಳಗಿನ ಹಾನಿಯ ಲೆಕ್ಕ ಬೇರೆ. ಏರ್ ಫಿಲ್ಟರಿನ ದಾರಿಯಲ್ಲಿ ಸಿಲಿಂಡರ್‌ಗೆ ನೀರು ಹೋದಾಗ ಸೆಲ್ಫ್ ಹೊಡೆದರೆ, ಗಾಳಿಯಂತೆ ನೀರು ಕುಗ್ಗುವುದಿಲ್ಲವಾದ್ದರಿಂದ ಪಿಸ್ಟನ್ ಅರ್ಧದಲ್ಲೇ ತಡೆದು ಕನೆಕ್ಟಿಂಗ್ ರಾಡ್ ಬಾಗುತ್ತದೆ. ಇದು ನೆರೆಯಿಂದ ಆದದ್ದಲ್ಲ, ಆಮೇಲೆ ಸ್ಟಾರ್ಟ್ ಮಾಡಿದ್ದರಿಂದ ಆದದ್ದು ಎಂದು ಕಂಪನಿ ಬರೆಯುತ್ತದೆ. ಮೂಲ ಪಾಲಿಸಿಯಲ್ಲಿ ಇಂಥ ‘ಪರಿಣಾಮವಾಗಿ ಬಂದ ನಷ್ಟ’ಕ್ಕೆ ಜಾಗವಿಲ್ಲ. ಆ ಜಾಗ ತುಂಬುವುದೇ ಎಂಜಿನ್ ಪ್ರೊಟೆಕ್ಟ್. ಆದರೂ ನೀರು ಹೊಕ್ಕಿದೆ ಎಂದು ತಿಳಿದೂ ಮತ್ತೆ ಮತ್ತೆ ಸ್ಟಾರ್ಟ್ ಮಾಡಿದರೆ ಕೊಡುವುದಿಲ್ಲ ಎಂಬ ಷರತ್ತು ಹಲವು ಪಾಲಿಸಿಗಳಲ್ಲಿದೆ. ಆ ಪುಟವನ್ನು ಕೊಳ್ಳುವ ಮೊದಲೇ ಓದಿ.

ಹಾಗಾಗಿ ನೀರಿನಲ್ಲಿ ಗಾಡಿ ಆಫ್ ಆದರೆ ಕೀಲಿ ತಿರುಗಿಸಲೇಬೇಡಿ. ನ್ಯೂಟ್ರಲ್‌ಗೆ ಹಾಕಿ ತಳ್ಳಿ. ನಂಬರ್ ಪ್ಲೇಟ್ ಮತ್ತು ನೀರಿನ ಮಟ್ಟ ಎರಡೂ ಒಂದೇ ಫೋಟೋದಲ್ಲಿ ಬರಲಿ. ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಬಿಚ್ಚಿ. ಕಂಪನಿಗೆ ತಿಳಿಸಿ ಕ್ಲೇಮ್ ನಂಬರ್ ತೆಗೆದುಕೊಂಡ ಮೇಲೆ, ನಾಲ್ಕೂ ಚಕ್ರ ಮೇಲೇರುವ ರಿಕವರಿ ಗಾಡಿಯಲ್ಲಿ ಕಳಿಸಿ. ವರ್ಕ್‌ಶಾಪ್‌ನಲ್ಲಿ ಹಾನಿ ಅಂದಾಜಿಸಲು ಬರುವ ಸರ್ವೇಯರ್ ನೋಡುವ ಮೊದಲು ಎಂಜಿನ್ ಬಿಚ್ಚಿಸಬೇಡಿ. ಡಿಪ್‌ಸ್ಟಿಕ್ ಎಳೆದಾಗ ಎಣ್ಣೆ ಹಾಲು ಹಾಕಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ನೀರು ಬೆರೆತಿದೆ ಎಂದರ್ಥ. ಅದರದ್ದೂ ಫೋಟೋ ಇರಲಿ.

ಗಾಳಿಗೆ ಮರ ಬಿದ್ದರೂ, ನಿಲ್ಲಿಸಿದ ಗಾಡಿಯ ಮೇಲೆ ತೆಂಗಿನಕಾಯಿ ಬಿದ್ದರೂ ಪ್ಯಾಕೇಜ್ ಪಾಲಿಸಿಯಲ್ಲಿ ಕ್ಲೇಮ್ ಇದೆ. ಕಡಲ ಉಪ್ಪುಗಾಳಿಗೆ ತಳ ತುಕ್ಕು ಹಿಡಿದರೆ ಇಲ್ಲ, ಅದು ಸವಕಳಿ. ಮಲ್ಪೆ, ಪಣಂಬೂರು ಕಡೆ ಮನೆಯಿದ್ದವರು ತಳಕ್ಕೆ ಕೋಟಿಂಗ್ ಮಾಡಿಸುವುದೇ ದಾರಿ. ಮಳೆಗಾಲದಲ್ಲಿ ಇಲಿ ವೈರ್ ಕಡಿದದ್ದಕ್ಕೆ ಒಂದೊಂದು ಕಂಪನಿಯದು ಒಂದೊಂದು ನಿಲುವು, ಮೊದಲೇ ಕೇಳಿಕೊಳ್ಳಿ.

ಇನ್ನು ಜೀರೋ ಡೆಪ್. ಇದಿಲ್ಲದಿದ್ದರೆ ಪ್ಲಾಸ್ಟಿಕ್, ರಬ್ಬರ್, ಟಯರ್, ಬ್ಯಾಟರಿಗೆ 50%, ಫೈಬರ್‌ಗೆ 30% ಸವಕಳಿ ಕಡಿತ. ಗಾಜಿಗೆ ಕಡಿತವಿಲ್ಲ. ಲೋಹದ ಭಾಗಕ್ಕೆ ಗಾಡಿಯ ವಯಸ್ಸಿನ ಲೆಕ್ಕ: ಮೊದಲ 6 ತಿಂಗಳು ಇಲ್ಲ, 5ರಿಂದ 10 ವರ್ಷಕ್ಕೆ 40%. ಆರು ವರ್ಷದ ಗಾಡಿಯ ಮುಂಭಾಗ ತಾಗಿತು ಎಂದುಕೊಳ್ಳಿ. ಬಂಪರ್ ಮತ್ತಿತರ ಪ್ಲಾಸ್ಟಿಕ್ 12,000 ರೂ., ಫೆಂಡರ್ 4,000 ರೂ., ಪೈಂಟಿಂಗ್ 8,000 ರೂ. ಪ್ಲಾಸ್ಟಿಕ್‌ಗೆ ಸಿಗುವುದು 6,000, ಫೆಂಡರ್‌ಗೆ 2,400. ಪೈಂಟಿಂಗ್ ಬಿಲ್ಲಿನ ಕಾಲು ಭಾಗವನ್ನು ಬಣ್ಣದ ಬೆಲೆ ಎಂದು ಹಿಡಿದು ಅದರರ್ಧ ಕಡಿಯುತ್ತಾರೆ, ಅಲ್ಲಿಗೆ 7,000. ಕಡ್ಡಾಯ ಕಡಿತ 1,000 ರೂ. (1,500 ಸಿಸಿ ಮೇಲ್ಪಟ್ಟರೆ 2,000). ಕೈಗೆ ಬರುವುದು 14,400. ನಿಮ್ಮ ಜೇಬಿನಿಂದ 9,600.

ಆದರೆ ಕ್ಲೇಮ್ ಹಾಕುವ ಮೊದಲು ಎನ್‌ಸಿಬಿ (ನೋ ಕ್ಲೇಮ್ ಬೋನಸ್) ಲೆಕ್ಕ ಹಾಕಿ. ಕ್ಲೇಮ್ ಇಲ್ಲದ ವರ್ಷಗಳಿಗೆ ಗಾಡಿಯ ಸ್ವಂತ ಹಾನಿಯ ಪ್ರೀಮಿಯಂನಲ್ಲಿ 20, 25, 35, 45, 50% ರಿಯಾಯಿತಿ. ಆ ಪ್ರೀಮಿಯಂ 9,000 ಇದ್ದು ನೀವು 50%ರಲ್ಲಿದ್ದರೆ ಕಟ್ಟುವುದು 4,500. ಒಂದು ಕ್ಲೇಮ್ ಆದರೆ ಮತ್ತೆ ಸೊನ್ನೆಯಿಂದ ಹತ್ತಬೇಕು: 9,000, 7,200, 6,750, 5,850, 4,950. ಐದು ವರ್ಷದಲ್ಲಿ ಹೆಚ್ಚುವರಿ 11,250, ತೆರಿಗೆ 18% ಸೇರಿ 13,275. ಐಡಿವಿ (ಪಾಲಿಸಿಯಲ್ಲಿ ಗಾಡಿಗೆ ಹಿಡಿದ ಬೆಲೆ) ಇಳಿದಂತೆ ಈ ಮೊತ್ತ ತುಸು ಕಡಿಮೆಯಾಗುತ್ತದೆ, ಆದರೂ ಮೇಲಿನ 14,400ರಲ್ಲಿ ಹೆಚ್ಚೇನೂ ಉಳಿಯುವುದಿಲ್ಲ. ಬಂಪರ್ ಗೀರಿಗೆ ಕ್ಲೇಮ್ ಬೇಡ; ಟಿಂಕರಿಂಗ್‌ನವರಲ್ಲಿ ಕೈಯಿಂದ ಕೊಟ್ಟು ಮಾಡಿಸಿ. ಎನ್‌ಸಿಬಿ ಗಾಡಿಯದ್ದಲ್ಲ, ಮಾಲೀಕರದ್ದು. ಹಳೆಯದನ್ನು ಮಾರುವಾಗ ಪತ್ರ ಮಾಡಿಸಿಕೊಂಡರೆ 3 ವರ್ಷದೊಳಗೆ ಹೊಸ ಗಾಡಿಗೆ ಬಳಸಬಹುದು.

ಥರ್ಡ್ ಪಾರ್ಟಿ, ಅಂದರೆ ಎದುರಿನವರಿಗೆ ಆದ ನಷ್ಟ ತುಂಬುವ ಭಾಗದ ದರದಲ್ಲಿ ಚೌಕಾಸಿ ಇಲ್ಲ, ಅದನ್ನು ಸರ್ಕಾರವೇ ನಿಗದಿ ಮಾಡುತ್ತದೆ. 2022ರ ಜೂನ್ 1ರಿಂದ ಜಾರಿಗೆ ಬಂದ ದರದಂತೆ 1,000 ಸಿಸಿವರೆಗೆ 2,094, 1,500ವರೆಗೆ 3,416, ಅದರ ಮೇಲೆ 7,897 ರೂ., ತೆರಿಗೆ ಬೇರೆ. ಎದುರಿನವರ ಸಾವು, ಗಾಯಕ್ಕೆ ನ್ಯಾಯಮಂಡಳಿ ಹೇಳಿದಷ್ಟು ಕೊಡುತ್ತಾರೆ, ಆಸ್ತಿ ಹಾನಿಗೆ 7.5 ಲಕ್ಷದ ಮಿತಿ. ಬರೀ ಥರ್ಡ್ ಪಾರ್ಟಿ ಮಾಡಿಸಿದವರ ಕಾರಿನೊಳಗೆ ಕೂತವರಿಗೆ ಆ ಪಾಲಿಸಿಯಲ್ಲಿ ರಕ್ಷಣೆ ಸಿಗುವುದಿಲ್ಲ. ಮನೆಮಂದಿಯನ್ನು ಹೆದ್ದಾರಿ 66ರಲ್ಲಿ ಕರೆದುಕೊಂಡು ಹೋಗುವವರು ಇದನ್ನು ದಯವಿಟ್ಟು ಗಮನಿಸಿ.

ನಮ್ಮ ಕಡೆ ಹೆಚ್ಚು ಜನ ಎಡವುವುದು ಎರಡು ಕಡೆ. ಒಂದು, ಬಿಳಿ ಬೋರ್ಡಿನ ಕಾರನ್ನು ಮದುವೆಗೋ ಏರ್‌ಪೋರ್ಟಿಗೋ ಬಾಡಿಗೆಗೆ ಕೊಡುವುದು. ಅಪಘಾತದಲ್ಲಿ ಬಾಡಿಗೆ ಎಂದು ಗೊತ್ತಾದರೆ ಗಾಡಿಯ ಕ್ಲೇಮ್ ತಳ್ಳಿಹೋಗುತ್ತದೆ. ಎರಡು, ಯಜಮಾನರು ಗಲ್ಫ್‌ನಲ್ಲಿ, ಗಾಡಿ ಅಂಗಳದಲ್ಲಿ. ಪಾಲಿಸಿ ಮುಗಿದು 90 ದಿನ ದಾಟಿದರೆ ಎನ್‌ಸಿಬಿ ಪೂರ್ತಿ ಹೋಯಿತು. ಓಡಿಸದಿದ್ದರೂ ನವೀಕರಿಸಿ, ಓಡಿದ ಕಿಲೋಮೀಟರ್ ಲೆಕ್ಕದ ಆಡ್-ಆನ್ ಈಗ ಸಿಗುತ್ತದೆ, ಅದು ಇಂಥವರಿಗೆ ಹೇಳಿ ಮಾಡಿಸಿದ ಹಾಗಿದೆ.

ಕ್ಲೇಮ್ ತಿರಸ್ಕರಿಸಿದರೆ ಕಾರಣವನ್ನು ಬರಹದಲ್ಲೇ ಕೇಳಿ. ಮೊದಲು ಕಂಪನಿಯ ದೂರು ಅಧಿಕಾರಿಗೆ ಬರೆಯಿರಿ, ವಿಮಾ ನಿಯಂತ್ರಕರ ದೂರು ಜಾಲತಾಣ ಬಿಮಾ ಭರೋಸಾದಲ್ಲೂ ದಾಖಲಿಸಿ. 30 ದಿನದಲ್ಲಿ ಉತ್ತರ ಬಾರದಿದ್ದರೆ, ಬಂದದ್ದು ಒಪ್ಪಿಗೆಯಾಗದಿದ್ದರೆ, ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್‌ಗೆ (ವಿಮಾ ದೂರು ಇತ್ಯರ್ಥ ಮಾಡುವ ಅಧಿಕಾರಿ) ಒಂದು ವರ್ಷದೊಳಗೆ ದೂರು ಕೊಡಬಹುದು. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ನೀರಿನ ಮಟ್ಟದ ಆ ಮೊದಲ ಫೋಟೋ ಅಲ್ಲಿಗೂ ಬೇಕಾಗುತ್ತದೆ, ಅಳಿಸಬೇಡಿ.