ದೇವಿಮನೆ ಘಟ್ಟದ ಲೂಸ್ ಕಾಂಟ್ಯಾಕ್ಟ್: ಬಲ್ಬು, ಮೀಟರು, ಸ್ಕ್ಯಾನರು

ನಮ್ಮ ಮಾರುತಿ 800, 1997ರ ಮಾಡೆಲ್, ಕಾರ್ಬುರೇಟರ್ ಗಾಡಿ. ಕಾರವಾರದೊಳಗೆ ದಿನಾ ಆಫೀಸಿಗೆ ಹೋಗಿ ಬರುವಾಗ ಒಂದು ದಿನವೂ ಕೈಕೊಟ್ಟಿದ್ದಿಲ್ಲ. ಎರಡನೇ ಶನಿವಾರ ಶಿರಸಿ ಕಡೆ ಊರಿಗೆ ಹೊರಟು, ಕುಮಟಾ ದಾಟಿ, ಕತಗಾಲ ಕಳೆದು ದೇವಿಮನೆ ಘಟ್ಟ ಹತ್ತುವಾಗ, ಅದೂ ಮಳೆಗಾಲದಲ್ಲಿ ಮಾತ್ರ, ಎಂಜಿನ್ ಪಟ್ಟಂತ ನಿಲ್ಲುತ್ತಿತ್ತು. ಕೆಮ್ಮಿ ಕೆಮ್ಮಿ ನಿಲ್ಲುವುದಲ್ಲ, ಯಾರೋ ಕೀ ತಿರುಗಿಸಿ ಬಂದ್ ಮಾಡಿದ ಹಾಗೆ. ಚಕ್ರಕ್ಕೆ ಕಲ್ಲು ಕೊಟ್ಟು, ಕೊಡೆ ಹಿಡಿದು, ಕಾಲಿಗೆ ಹತ್ತಿದ ಉಂಬಳ ಕಿತ್ತುಕೊಳ್ಳುತ್ತ ಹದಿನೈದು ನಿಮಿಷ ನಿಂತರೆ ಮತ್ತೆ ಒಂದೇ ಸೆಲ್ಫಿಗೆ ಸ್ಟಾರ್ಟ್. ಮನೆಗೆ ಮುಟ್ಟಿದರೆ ಅಪ್ಪ ಜಗಲಿಯಿಂದಲೇ ಕೇಳುತ್ತಿದ್ದರು: "ಎಂತಾ ಆತು ತಮಾ, ಮತ್ತೆ ಅಲ್ಲೇ ನಿಂತ್ತಾ?"

ಎರಡು ಮಳೆಗಾಲ ಇದರ ಹಿಂದೆ ಬಿದ್ದು ನಾಲ್ಕೈದು ದಾರಿ ಪ್ರಯೋಗಿಸಿದೆ. ಯಾವ ದಾರಿ ಎಷ್ಟು ದೂರ ಕರೆದುಕೊಂಡು ಹೋಯಿತು ಎನ್ನುವ ಲೆಕ್ಕ ಇದು.

ಮೊದಲನೆಯದು ಎಲ್ಲರೂ ಮಾಡುವುದೇ. ಅನುಮಾನ ಬಂದದ್ದನ್ನೆಲ್ಲ ಬದಲಾಯಿಸುವುದು. ಗ್ಯಾರೇಜಿನವರು ಬಾನೆಟ್ ಎತ್ತುವ ಮೊದಲೇ, "ಮಳೆ ನೀರು ಸರ್, ಡಿಸ್ಟ್ರಿಬ್ಯೂಟರಿಗೆ ಹೋಗ್ತದೆ" ಅಂದರು. ಪ್ಲಗ್ಗುಗಳಿಗೆ ಕಿಡಿ ಹಂಚುವ ಆ ಡಿಸ್ಟ್ರಿಬ್ಯೂಟರಿನ ಕ್ಯಾಪು, ರೋಟರು, ಪ್ಲಗ್ ವೈರು ಹೊಸದಾದವು. ಮುಂದಿನ ತಿಂಗಳು ಪ್ಲಗ್ಗಿನ ಕಿಡಿಗೆ ಕರೆಂಟ್ ಕೊಡುವ ಕಾಯಿಲ್. ಅದರ ಮುಂದಿನ ತಿಂಗಳು ಬ್ಯಾಟರಿ. ಒಟ್ಟು ಆರು ಸಾವಿರದ ಮೇಲೆ ಹೋಯಿತು. ಅವರನ್ನು ದೂರುವುದೂ ಕಷ್ಟ. ಗಾಡಿ ಅವರ ಮುಂದೆ ಒಮ್ಮೆಯೂ ನಿಲ್ಲಲಿಲ್ಲ, ನಿಲ್ಲದ ಗಾಡಿಯಲ್ಲಿ ಯಾರಾದರೂ ಏನು ಹುಡುಕಬೇಕು? ಆದರೆ ಬ್ಯಾಟರಿ ಬದಲಿಸುವ ಮೊದಲು ಒಂದು ಪ್ರಶ್ನೆ ಕೇಳಬಹುದಿತ್ತು: ಎಂಜಿನ್ ನಿಂತಾಗ ಹೆಡ್‌ಲೈಟ್ ಉರಿಯುತ್ತಿತ್ತಾ? ಉರಿಯುತ್ತಿತ್ತು. ಅಂದ ಮೇಲೆ ಬ್ಯಾಟರಿಯೂ ಸರಿ, ಅದರ ಟರ್ಮಿನಲ್ಲೂ ಸರಿ. ಇದು ನನಗೂ ಹೊಳೆದದ್ದು ದುಡ್ಡು ಕೊಟ್ಟ ಮೇಲೆ.

ಎರಡನೆಯದು ಅಲ್ಲಾಡಿಸಿ ನೋಡುವುದು. ಖರ್ಚಿಲ್ಲ. ಎಂಜಿನ್ ಚಾಲೂ ಇಟ್ಟು ಒಂದೊಂದೇ ವೈರು, ವೈರುಗಳನ್ನು ಕೂಡಿಸುವ ಕಪ್ಲರು ಹಿಡಿದು ಜಗ್ಗುವುದು, ಗಿಡಕ್ಕೆ ಹೊಡೆಯುವ ಸ್ಪ್ರೇ ಬಾಟಲಿಯಲ್ಲಿ ನೀರು ಚಿಮುಕಿಸುವುದು. ಕರಾವಳಿಯ ಗಾಡಿಗಳಿಗೆ ಇದು ಬೇಕೇ ಬೇಕು. ಸಮುದ್ರದ ಗಾಳಿಗೆ ತಾಮ್ರದ ಎಳೆಗಳು ವೈರಿನ ಸಿಪ್ಪೆಯ ಒಳಗೇ ಕಿಲುಬು ಹಿಡಿದು ಹಸಿರಾಗಿರುತ್ತವೆ, ಹೊರಗಿನಿಂದ ವೈರು ದುಂಡಗೆ ಚೆನ್ನಾಗಿಯೇ ಕಾಣುತ್ತದೆ. ನನಗೂ ಒಂದು ಅರ್ತ್ ವೈರು ಹಾಗೆ ಸಿಕ್ಕಿತು. ಅದು ಗಾಡಿಯ ಮೈಗೆ ಬೋಲ್ಟ್ ಆಗಿದ್ದ ಜಾಗ ಉಜ್ಜಿ, ವ್ಯಾಸಲೀನ್ ಸವರಿ ಬಿಗಿ ಮಾಡಿದೆ. ಸೆಲ್ಫ್ ಚುರುಕಾಯಿತು. ಗಾಡಿ ಘಟ್ಟದಲ್ಲಿ ನಿಲ್ಲುವುದು ನಿಲ್ಲಲಿಲ್ಲ. ಈ ಪದ್ಧತಿಯ ದೊಡ್ಡ ತೊಂದರೆ ಇದೇ: ಜಗ್ಗುವಾಗ ಕೆಟ್ಟ ಕಾಂಟ್ಯಾಕ್ಟ್ ತಾತ್ಕಾಲಿಕವಾಗಿ ಕೂಡಿಕೊಂಡುಬಿಡಬಹುದು, ಆಗ ಏನು ರಿಪೇರಿ ಮಾಡಿದೆವೆಂದು ನಮಗೇ ಗೊತ್ತಾಗುವುದಿಲ್ಲ. ಇನ್ನೊಂದು, ಮಳೆಯೇ ಕಳ್ಳ ಅಂತ ಮನಸ್ಸು ಮೊದಲೇ ತೀರ್ಮಾನಿಸಿತ್ತು. ಹಾಗಾಗಿ ನೀರು ಮುಟ್ಟುವ ಕಡೆಯಷ್ಟೇ ಜಗ್ಗಿದೆ, ಸ್ಟೇರಿಂಗ್ ಕೆಳಗೆ ಕೈ ಹಾಕಲೇ ಇಲ್ಲ.

ಸ್ಕ್ಯಾನರಿನದು ಒಂದೇ ಮಾತಿನಲ್ಲಿ ಮುಗಿಯುತ್ತದೆ. ಭಾವ ಬಹಳ ಉತ್ಸಾಹದಲ್ಲಿ ತನ್ನ ಬ್ಲೂಟೂತ್ ಡಾಂಗಲ್ ಹಿಡಿದುಕೊಂಡು ಬಂದ. ಚುಚ್ಚುವುದೆಲ್ಲಿ? ಕಾರ್ಬುರೇಟರ್ ಗಾಡಿಗೆ ಇಸಿಯು, ಅಂದರೆ ಎಂಜಿನ್ ನೋಡಿಕೊಳ್ಳುವ ಕಂಪ್ಯೂಟರೇ ಇಲ್ಲ. ಸ್ಕ್ಯಾನರ್ ಚುಚ್ಚಿ ದೋಷದ ಕೋಡ್ ಓದುವ ವ್ಯವಸ್ಥೆ, ಒಬಿಡಿ-2, ನಮ್ಮ ದೇಶದಲ್ಲಿ ಕಡ್ಡಾಯವಾದದ್ದು 2013ರಿಂದ. ಅವನ 2014ರ ಕಾರಿಗೆ ಅದು ಉಪಯೋಗಕ್ಕೆ ಬಂದದ್ದು ನಿಜ, ಆದರೆ ಅಲ್ಲಿಯೂ ಪಿ0562 ಅಂತ ಕೋಡ್ ತೋರಿಸಿತು. ಅರ್ಥ ಇಷ್ಟೇ, ವೋಲ್ಟೇಜ್ ಕಡಿಮೆಯಾಗಿದೆ. ಎಲ್ಲಿ ಕಡಿಮೆಯಾಯಿತು, ಯಾವ ವೈರಿನಲ್ಲಿ ಎಂದು ಕೋಡ್ ಹೇಳುವುದಿಲ್ಲ.

ಈಗ ನಿಜವಾದ ಸ್ಪರ್ಧೆಗೆ ಬರೋಣ. ಮುನ್ನೂರೈವತ್ತು ರೂಪಾಯಿಯ ಡಿಜಿಟಲ್ ಮಲ್ಟಿಮೀಟರ್ ಒಂದು ಕಡೆ, ಅರವತ್ತು ರೂಪಾಯಿಯ ಟೆಸ್ಟ್ ಲ್ಯಾಂಪ್, ಅಂದರೆ ವೈರು ಕಟ್ಟಿದ ಒಂದು ಬಲ್ಬು, ಇನ್ನೊಂದು ಕಡೆ.

ಮೀಟರ್ ತಂದ ಮೊದಲ ಭಾನುವಾರ ನಾನು ಮೋಸ ಹೋದೆ. ಕೀ ಆನ್ ಮಾಡಿ, ಕಪ್ಪು ಕಡ್ಡಿ ಗಾಡಿಯ ಲೋಹದ ಮೈಗೆ ಕೊಟ್ಟು, ಕೆಂಪು ಕಡ್ಡಿಯನ್ನು ಕೀ ತಿರುಗಿಸುವ ಇಗ್ನಿಷನ್ ಸ್ವಿಚ್ಚಿನಿಂದ ಹೊರಹೋಗುವ ವೈರಿಗೆ ಮುಟ್ಟಿಸಿದರೆ 12.4. ಬ್ಯಾಟರಿಯಲ್ಲಿ 12.5. ಎಲ್ಲ ಸರಿ ಅಂತ ಟಿಕ್ ಹಾಕಿದೆ. ಇದು ಮೀಟರಿನ ಸುಳ್ಳಲ್ಲ, ನಾನು ಕೇಳಿದ ಪ್ರಶ್ನೆಯೇ ತಪ್ಪು. ಮೀಟರಿನ ಒಳಗಿನ ತಡೆ ಹತ್ತು ಲಕ್ಷ ಓಮಿನಿಂದ ಒಂದು ಕೋಟಿ ಓಮಿನವರೆಗೆ ಇರುತ್ತದೆ. ಅದು ಕರೆಂಟನ್ನು ಎಳೆಯುವುದೇ ಇಲ್ಲ ಅನ್ನಬಹುದು. ಇಪ್ಪತ್ತು ಎಳೆಯ ವೈರಿನಲ್ಲಿ ಹತ್ತೊಂಬತ್ತು ತುಂಡಾಗಿ ಒಂದೇ ಉಳಿದಿದ್ದರೂ ಮೀಟರು 12 ತೋರಿಸುತ್ತದೆ. ಓಮ್‌ಗೆ ಹಾಕಿ ನೋಡುವುದೂ ದಂಡ. ನೂರು ಆಂಪಿಯರ್ ಎಳೆಯುವ ಸೆಲ್ಫಿನ ದಾರಿಯಲ್ಲಿ ಓಮಿನ ನೂರರಲ್ಲಿ ಒಂದು ಪಾಲು ತಡೆ ಇದ್ದರೆ ಸಾಕು, ಒಂದು ವೋಲ್ಟ್ ಅಲ್ಲಿಯೇ ಖಲಾಸ್. ಅಗ್ಗದ ಮೀಟರಿನ ಕಡ್ಡಿಗಳ ಸ್ವಂತ ತಡೆಯೇ ಅದರ ಎಷ್ಟೋ ಪಟ್ಟು.

ಬಲ್ಬು ಹಾಗಲ್ಲ. ಇಂಡಿಕೇಟರಿಗೆ ಹಾಕುವ 21 ವ್ಯಾಟಿನ ಬಲ್ಬು ಹೆಚ್ಚುಕಡಿಮೆ ಒಂದೂಮುಕ್ಕಾಲು ಆಂಪಿಯರ್ ಎಳೆಯುತ್ತದೆ. ವೈರಿಗೆ ಹೊರುವ ತಾಕತ್ತು ಇಲ್ಲದಿದ್ದರೆ ಅದು ಮಂಕಾಗುತ್ತದೆ. ಒಂದು ಎಚ್ಚರಿಕೆ: ಇಸಿಯು ಇರುವ ಗಾಡಿಗಳ ಸಣ್ಣ ವೈರುಗಳಿಗೆ ಇದನ್ನು ಚುಚ್ಚಬೇಡಿ, ಏರ್‌ಬ್ಯಾಗಿನ ಹಳದಿ ಕಪ್ಲರಿನ ಹತ್ತಿರ ಕೈಯೇ ಒಯ್ಯಬೇಡಿ.

ಆದರೆ ನನ್ನ ಮಟ್ಟಿಗೆ ಬಲ್ಬು ಗೆದ್ದದ್ದು ಬೇರೆ ಕಾರಣಕ್ಕೆ. ಅದನ್ನು ಕಟ್ಟಿಕೊಂಡು ಓಡಿಸಬಹುದು. 5 ವ್ಯಾಟಿನ ಎರಡು ಬಲ್ಬು, ಒಂದೊಂದಕ್ಕೂ 2 ಆಂಪಿಯರ್ ಫ್ಯೂಸ್. ಮೊದಲನೆಯದಕ್ಕೆ ಇಗ್ನಿಷನ್ ಸ್ವಿಚ್ಚಿಗೆ ಬರುವ ವೈರಿನಿಂದ ಕರೆಂಟ್, ಎರಡನೆಯದಕ್ಕೆ ಕಾಯಿಲಿನ ಪಾಸಿಟಿವ್‌ನಿಂದ. ಎರಡನ್ನೂ ಡ್ಯಾಷ್‌ಬೋರ್ಡಿನ ಮೇಲೆ ಟೇಪ್ ಹಚ್ಚಿ ಕೂರಿಸಿದೆ. ಹೆಂಡತಿ ನೋಡಿ, "ಇನ್ನೊಂದು ನಾಲ್ಕು ಹಚ್ಚಿ, ಚೌತಿ ಮಂಟಪವೇ ಆಗ್ತದೆ" ಅಂದಳು.

ಆ ಶನಿವಾರ ಘಟ್ಟದ ನಡುವೆ ದಟ್ಟ ಮಂಜು. ಗಾಡಿ ನಿಂತಿತು. ಎಡಗಡೆಯ ಬಲ್ಬು ಉರಿಯುತ್ತಿದೆ, ಬಲಗಡೆಯದು ಆರಿದೆ. ಎರಡು ವರ್ಷದಲ್ಲಿ ಮೊದಲ ಸಲ ನಿಂತ ಗಾಡಿಯಲ್ಲಿ ಕೂತು ನನಗೆ ಖುಷಿಯಾದದ್ದು. ಕರೆಂಟ್ ಸ್ವಿಚ್ಚಿನವರೆಗೆ ಬರುತ್ತಿದೆ, ಕಾಯಿಲಿಗೆ ಹೋಗುತ್ತಿಲ್ಲ. ಆಮೇಲೆ ಇನ್ನೊಂದು ಕಂಡಿತು. ಕೀ ಆನ್ ಇದ್ದು ಎಂಜಿನ್ ನಿಂತರೆ ಮೀಟರ್ ಬೋರ್ಡಿನಲ್ಲಿ ಆಯಿಲಿನ ಕೆಂಪು ದೀಪ ಹೊತ್ತಬೇಕು. ಹೊತ್ತಿರಲಿಲ್ಲ. ಫಾಗ್ ಲ್ಯಾಂಪೂ ಆರಿತ್ತು. ಪ್ರತಿ ಸಲವೂ ಹೀಗೇ ಆಗಿತ್ತೇನೋ, ಎಂಜಿನ್ ಹೋದ ಮೇಲೆ ಎಲ್ಲವೂ ಹೋಗುವುದೇ ಅಂದುಕೊಂಡು ನಾನೇ ಲಕ್ಷ್ಯ ಕೊಟ್ಟಿರಲಿಲ್ಲ.

ಸ್ಟೇರಿಂಗ್ ಕೆಳಗೆ ಕೈ ಹಾಕಿ ಸ್ವಿಚ್ಚಿನ ಕಪ್ಲರ್ ಹಿಡಿದೆ. ಬೆರಳು ಚುರುಕ್ ಅಂದಿತು.

ಇಲ್ಲಿಂದ ಮುಂದೆ ಬಲ್ಬಿಗೆ ಕೆಲಸವಿಲ್ಲ, ಮೀಟರಿನದೇ ಆಟ. ಮರುದಿನ ಊರಿನ ಮನೆಯ ಅಂಗಳದಲ್ಲಿ ಎಂಜಿನ್ ಚಾಲೂ ಇಟ್ಟು, ಈ ಸಲ ಕಪ್ಪು ಕಡ್ಡಿಯನ್ನು ಗಾಡಿಯ ಮೈಗೆ ಕೊಡಲಿಲ್ಲ. ಒಂದು ಕಡ್ಡಿ ಸ್ವಿಚ್ಚಿಗೆ ಬರುವ ವೈರಿಗೆ, ಇನ್ನೊಂದು ಹೊರಹೋಗುವ ವೈರಿಗೆ. ನಡುವೆ ಎಷ್ಟು ವೋಲ್ಟ್ ಸೋರಿಹೋಗುತ್ತಿದೆ ಎಂದು ನೋಡುವುದು. ಒಳ್ಳೆಯ ಸ್ವಿಚ್ಚಿನಲ್ಲಿ ಅದು 0.1, 0.2ರ ಆಸುಪಾಸಿನಲ್ಲಿ ಇರಬೇಕು. 0.3 ಇತ್ತು, ಅಷ್ಟೇನೂ ಕೆಟ್ಟದಲ್ಲ. ಫಾಗ್ ಲ್ಯಾಂಪ್ ಹಾಕಿದೆ. 0.9. ಅಲ್ಲೇ ನಿಂತು ನೋಡುತ್ತಿದ್ದ ಹಾಗೆ 1.1, 1.3, ಎಂಟು ನಿಮಿಷಕ್ಕೆ 1.6. ಕೀ ಗೊಂಚಲನ್ನು ಬೆರಳಲ್ಲಿ ತೂಗಿದರೆ ಅಂಕಿ ಕುಣಿಯುತ್ತಿತ್ತು.

ಗಾಡಿಯ ಹಿಂದಿನ ಮಾಲೀಕರು ಘಟ್ಟದ ಮಂಜಿಗೆಂದು 55 ವ್ಯಾಟಿನ ಎರಡು ಫಾಗ್ ಲ್ಯಾಂಪ್ ಹಾಕಿಸಿದ್ದರು. ಅದಕ್ಕೆ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಸ್ವಿಚ್ಚು) ಇಟ್ಟಿರಲಿಲ್ಲ, ಇಗ್ನಿಷನ್ ವೈರಿನಿಂದಲೇ ಕರೆಂಟ್ ಕದ್ದಿದ್ದರು. ಒಂಬತ್ತು ಆಂಪಿಯರ್ ಅದರದು, ಮೂರ್ನಾಲ್ಕು ಕಾಯಿಲ್ ಮತ್ತು ಮೀಟರ್ ಬೋರ್ಡಿನದು. ಹನ್ನೆರಡು ಆಂಪಿಯರಿಗೆ 1.6 ವೋಲ್ಟ್ ಅಂದರೆ ಹತ್ತೊಂಬತ್ತು ವ್ಯಾಟ್ ಶಾಖ, ಒಂದು ಚಿಕ್ಕ ಹಿತ್ತಾಳೆ ಪಿನ್ನಿನಲ್ಲಿ. ರೇಡಿಯೋ ರಿಪೇರಿಯವರ ಸಣ್ಣ ಸೋಲ್ಡರಿಂಗ್ ಐರನ್ 25 ವ್ಯಾಟಿನದು. ಕಪ್ಲರ್ ಬಿಡಿಸಿದಾಗ ಪಿನ್ ಕಂದಿ ನೀಲಿಗಟ್ಟಿತ್ತು, ಸುತ್ತಲಿನ ಬಿಳಿ ಪ್ಲಾಸ್ಟಿಕ್ ಕಾಫಿ ಬಣ್ಣಕ್ಕೆ ತಿರುಗಿ ಒಂದು ಮೂಲೆ ಕರಗಿತ್ತು. ಬಿಸಿಯಾದಾಗ ಹಿಡಿತ ಸಡಿಲ, ತಣಿದಾಗ ಮತ್ತೆ ಕಚ್ಚಿಕೊಳ್ಳುತ್ತಿತ್ತು. ಹದಿನೈದು ನಿಮಿಷದ ಗುಟ್ಟು ಅಲ್ಲಿತ್ತು. ಕಾರವಾರದಲ್ಲೂ ಮಳೆ ಕಮ್ಮಿಯೇನಲ್ಲ, ಆದರೆ ಅಲ್ಲಿ ನಾನು ಫಾಗ್ ಲ್ಯಾಂಪ್ ಹಾಕುತ್ತಿರಲಿಲ್ಲ. ಮಳೆಗೂ ಈ ಕಾಯಿಲೆಗೂ ಸಂಬಂಧವೇ ಇರಲಿಲ್ಲ.

ರಿಪೇರಿಗೆ ಹೆಚ್ಚು ಹೇಳುವಂಥದ್ದಿಲ್ಲ. ಹೊಸ ಕಪ್ಲರ್, ಎರಡು ಪಿನ್, ನಾಲ್ಕು ಕಾಲಿನ ಒಂದು ರಿಲೇ. ರಿಲೇಯ 30ನೇ ನಂಬರಿನ ಕಾಲಿಗೆ ಬ್ಯಾಟರಿಯಿಂದ ಫ್ಯೂಸ್ ಮೂಲಕ ನೇರ ಲೈನು, 87ರಿಂದ ಲ್ಯಾಂಪಿಗೆ. 85, 86ರಲ್ಲಿ ಒಂದಕ್ಕೆ ಡ್ಯಾಷ್‌ಬೋರ್ಡಿನ ಸ್ವಿಚ್ಚು, ಇನ್ನೊಂದಕ್ಕೆ ಅರ್ತ್. ಇನ್ನೂರೈವತ್ತು ರೂಪಾಯಿ. ಕೀ ಗೊಂಚಲಿನಿಂದ ಮನೆ ಬೀಗದ ಕೈ, ಬೀರುವಿನ ಕೈ, ಹಿತ್ತಾಳೆ ಗಣಪತಿ ಮೂರನ್ನೂ ಬಿಡಿಸಿದೆ. ಆ ಭಾರ ಸ್ವಿಚ್ಚನ್ನು ದಿನವೂ ಕುಲುಕುತ್ತಿತ್ತು.

ಎರಡರಲ್ಲಿ ಒಂದನ್ನೇ ಕೊಳ್ಳುತ್ತೇನೆ ಅನ್ನುವವರು ಬಲ್ಬು ಕೊಳ್ಳಿ. ಒಮ್ಮೊಮ್ಮೆ ಮಾತ್ರ ಬರುವ ಕಾಯಿಲೆಗೆ ನಿಖರವಾದ ಅಂಕಿಗಿಂತ, ಅದು ಬಂದ ಗಳಿಗೆಯಲ್ಲಿ ಸ್ಥಳದಲ್ಲಿರುವ ಸಾಕ್ಷಿ ಬೇಕು. ಮೀಟರನ್ನೂ ಹಾಗೆ ಕಟ್ಟಿಕೊಂಡು ಹೋಗಬಹುದಲ್ಲ ಅಂತ ಭಾವನ ವಾದ. ಹೋಗಿ ನೋಡಿದ್ದೇನೆ. ಘಟ್ಟದ ತಿರುವಿನಲ್ಲಿ ಎದುರಿಗೆ ಲಾರಿ ಬರುವಾಗ ಅಂಕಿ ಓದಲು ಆಗುವುದಿಲ್ಲ, ಬೆಳಕು ಆರಿದ್ದು ಮಾತ್ರ ಓರೆಗಣ್ಣಿಗೂ ಕಾಣುತ್ತದೆ.

ಈಗ ಗಾಡಿ ನಿಲ್ಲುವುದಿಲ್ಲ. ಬದಲಿಗೆ ಹಿಂದಿನ ಬಲ ಇಂಡಿಕೇಟರ್ ಒಮ್ಮೊಮ್ಮೆ ಆರಿ, ಮುಂದಿನದು ಎರಡು ಪಟ್ಟು ವೇಗದಲ್ಲಿ ಬಡಿದುಕೊಳ್ಳುತ್ತದೆ, ಅದೂ ಅಂಕೋಲಾ ದಾಟಿದ ಮೇಲೆ. ಡಿಕ್ಕಿಯಿಂದ ಡ್ಯಾಷ್‌ಬೋರ್ಡಿನವರೆಗೆ ವೈರು ಎಳೆದು ಬಲ್ಬು ಕಟ್ಟಿದ್ದೇನೆ.